ಕಿವಿಗೊಟ್ಟು ಹಾಕುವ ಗೇರು

ಇಟಲಿಯ ಟಸ್ಕನಿ ಸೀಮೆಯ ಗಯೋಲೆ ಇನ್ ಕಿಯಾಂಟಿ ಎಂಬ ಊರಿನಿಂದ 1997ರಲ್ಲಿ ‘ಎರೊಯಿಕಾ’ ಎಂಬ ಸೈಕಲ್ ಸವಾರಿ ಶುರುವಾಯಿತು. ಡಾಂಬರು ಕಾಣದ ಬಿಳಿ ರಸ್ತೆಗಳು, ಉಣ್ಣೆಯ ಜರ್ಸಿಗಳು. ಸೈಕಲ್ ಮಾತ್ರ 1987ಕ್ಕಿಂತ ಹಿಂದಿನ ಮಾದರಿಯದಾಗಿರಬೇಕು. ಗೇರಿನ ಹಿಡಿಗಳು ಬ್ರೇಕಿನ ಜೊತೆ ಹ್ಯಾಂಡಲ್ಲಿನಲ್ಲಿ ಇರುವಂತಿಲ್ಲ. ಫ್ರೇಮಿನ ಕೆಳಕೊಳವೆಗೆ ಕೈ ಚಾಚಿಯೇ ಗೇರು ಹಾಕಬೇಕು. ಏರು ಬಂದ ಕಡೆ ಇಡೀ ಗುಂಪಿನಿಂದ ಕರಕರ ಸದ್ದು ಏಳುತ್ತದೆ, ಸ್ವಲ್ಪ ಹೊತ್ತಿನಲ್ಲೇ ಅಡಗುತ್ತದೆ. ಹೊಸಬರು ಇದನ್ನು ರಿಪೇರಿಯ ಲಕ್ಷಣ ಎಂದುಕೊಳ್ಳುತ್ತಾರೆ. ಆದರೆ ಆ ಕಾಲದ ಸವಾರನಿಗೆ ಗೇರು ಕೂತಿತೋ ಇಲ್ಲವೋ ಎಂದು ತಿಳಿಸುತ್ತಿದ್ದದ್ದೇ ಆ ಸದ್ದು.

ಚೈನನ್ನು ಒಂದು ಹಲ್ಲುಚಕ್ರದಿಂದ ಪಕ್ಕದ್ದಕ್ಕೆ ದೂಡುವ ಡಿರೇಲರ್ ಸುಲಭವಾಗಿ ಮಾನ್ಯತೆ ಪಡೆದದ್ದಲ್ಲ. ಫ್ರಾನ್ಸಿನ ಸೇಂತ್ ಎತಿಯೆನ್‌ನ ಪಾಲ್ ದ ವಿವಿ, ‘ವೆಲೋಸಿಯೊ’ ಎಂಬ ಹೆಸರಿನಲ್ಲಿ ಬರೆಯುತ್ತ, ಬೆಟ್ಟದ ಸವಾರಿಗೆ ಹಲವು ಗೇರು ಬೇಕೆಂದು ತನ್ನ ‘ಲ ಸಿಕ್ಲಿಸ್ತ್’ ಪತ್ರಿಕೆಯಲ್ಲಿ ವರ್ಷಗಟ್ಟಲೆ ವಾದಿಸಿದ. ಟೂರ್ ದ ಫ್ರಾನ್ಸ್ ಸ್ಥಾಪಿಸಿದ ಆಂರಿ ದೆಗ್ರಾಂಜ್‌ಗೆ ಅದು ಮುದುಕರ ಊರುಗೋಲು. ರೇಸಿನ ಸವಾರರು ಹಿಂಚಕ್ರದ ಎರಡೂ ಬದಿಗೆ ಒಂದೊಂದು ಹಲ್ಲುಚಕ್ರ ಹಾಕಿಸಿಕೊಂಡು, ಬೆಟ್ಟದ ಬುಡದಲ್ಲಿ ಇಳಿದು, ನಟ್ಟು ಸಡಿಲಿಸಿ, ಚಕ್ರವನ್ನೇ ತಿರುಗಿಸಿ ಹಾಕಿಕೊಳ್ಳುತ್ತಿದ್ದರು. ದೆಗ್ರಾಂಜ್ ಹೊಣೆ ಬಿಟ್ಟುಕೊಟ್ಟ ಮೇಲೆ, 1937ರಲ್ಲಿ ಟೂರ್ ಡಿರೇಲರ್‌ಗೆ ಬಾಗಿಲು ತೆರೆಯಿತು. ಆ ವರ್ಷ ಗೆದ್ದ ರೊಜೆ ಲಪೆಬಿಯ ಸೈಕಲ್ಲಿನಲ್ಲಿ ಅದು ಇತ್ತು.

ಇಟಲಿಯ ತುಲ್ಲಿಯೊ ಕಂಪಾನ್ಯೊಲೊ ಹಿಡಿದ ದಾರಿ ವಿಚಿತ್ರ. ಆತನ ‘ಕಾಂಬಿಯೊ ಕೊರ್ಸಾ’ದಲ್ಲಿ ಹಿಂಚಕ್ರದ ಬಳಿ ಎರಡು ಸಲಾಕೆಗಳು. ಓಡುತ್ತಿರುವಾಗಲೇ ತೊಡೆಯ ಹಿಂದಕ್ಕೆ ಕೈ ಹಾಕಿ, ಒಂದರಿಂದ ಚಕ್ರವನ್ನು ಸಡಿಲಿಸಬೇಕು, ಪೆಡಲನ್ನು ಹಿಮ್ಮುಖ ತುಳಿಯುತ್ತ ಇನ್ನೊಂದರಿಂದ ಚೈನ್ ಸರಿಸಬೇಕು, ಮತ್ತೆ ಚಕ್ರ ಬಿಗಿಯಬೇಕು. ಇಂಥ ಸರ್ಕಸ್ಸಿನಲ್ಲೇ ಜಿನೊ ಬರ್ತಾಲಿ 1948ರ ಟೂರ್ ಗೆದ್ದ. ಕಂಪಾನ್ಯೊಲೊ 1950ರ ದಶಕದ ಆರಂಭದಲ್ಲಿ ತಂದ ‘ಗ್ರಾನ್ ಸ್ಪೋರ್ಟ್’ ಒಂದೇ ಕೇಬಲ್ಲಿನಿಂದ ಅಡ್ಡಕ್ಕೆ ಸರಿಯುವ ಸಮಾಂತರ ಚತುರ್ಭುಜ. ಇಂದಿನ ಡಿರೇಲರ್‌ಗಳ ರೂಪ ಅಲ್ಲಿಂದ ಬಂದದ್ದು.

ಅದರಲ್ಲೊಂದು ಕೊರತೆ ಉಳಿದಿತ್ತು. ಡಿರೇಲರ್ ನೇರ ಅಡ್ಡಕ್ಕೆ ಸರಿಯುತ್ತದೆ, ಹಲ್ಲುಚಕ್ರಗಳಾದರೋ ಒಳಕ್ಕೆ ಹೋದಂತೆ ದೊಡ್ಡದಾಗುತ್ತವೆ. ಹಾಗಾಗಿ ಚಿಕ್ಕ ಚಕ್ರದ ಬಳಿ, ಡಿರೇಲರ್‌ನಲ್ಲಿ ಚೈನ್ ನಡೆಸುವ ಜಾಕಿ ಚಕ್ರ ದೂರ ಉಳಿದು, ಚೈನ್ ತಡವಾಗಿ ಹಾರುತ್ತಿತ್ತು. 1964ರಲ್ಲಿ ಜಪಾನಿನ ಸನ್‌ಟೂರ್ ಆ ಚತುರ್ಭುಜವನ್ನೇ ಓರೆಯಾಗಿಸಿ ಅಂತರವನ್ನು ಹೆಚ್ಚುಕಡಿಮೆ ಒಂದೇ ಆಗಿಸಿತು. ಅಷ್ಟು ಸರಳ ಉಪಾಯ ಅದು.

ಇಷ್ಟರಲ್ಲೂ ಹಿಡಿ ಮಾತ್ರ ಘರ್ಷಣೆಯದು. ಅದಕ್ಕೆ ಮೆಟ್ಟಿಲಿಲ್ಲ, ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಚೈನ್ ಪಕ್ಕದ ಹಲ್ಲಿಗೆ ಉಜ್ಜಿದರೆ ಕರಕರ. ಹಿಡಿಯನ್ನು ಕೂದಲೆಳೆಯಷ್ಟು ಸರಿಸಿದರೆ ಮೌನ. ಅದರಿಂದಾಗಿ ಫ್ರೆಂಚ್ ಸಿಂಪ್ಲೆಕ್ಸ್ ಹಿಡಿಗೆ ಸನ್‌ಟೂರ್ ಡಿರೇಲರ್ ಸೇರಿಸಿದರೂ ಸೈಕಲ್ ಓಡುತ್ತಿತ್ತು, ಅಳತೆಯ ವ್ಯತ್ಯಾಸವನ್ನು ಸವಾರನ ಕೈಯೇ ಸರಿತೂಗಿಸುತ್ತಿತ್ತು. ಅಂದಿನ ಜಗಳವೆಲ್ಲ ಥ್ರೆಡ್ಡಿನದು. ಫ್ರೀವೀಲ್ ಕೂರುವ ಥ್ರೆಡ್ಡಿನ ವ್ಯಾಸ ಫ್ರೆಂಚ್ ಹಬ್ಬಿನಲ್ಲಿ 34.7 ಮಿ.ಮೀ., ಇಂಗ್ಲಿಷ್ ಹಬ್ಬಿನಲ್ಲಿ ಸುಮಾರು 34.8. ಇಂಗ್ಲಿಷ್ ಫ್ರೀವೀಲ್ ಫ್ರೆಂಚ್ ಹಬ್ಬಿಗೆ ಸಲೀಸಾಗಿ ಏರಿಬಿಡುತ್ತದೆ, ಅಪಾಯವಿರುವುದೇ ಅಲ್ಲಿ. ಜೋರಾಗಿ ತುಳಿದಾಗ ಥ್ರೆಡ್ ಕಿತ್ತುಬರುತ್ತದೆ. ನಮ್ಮೂರ ಒಂಟಿ ಫ್ರೀವೀಲಿನ ಕಪ್ಪು ಸೈಕಲ್ಲಿಗೆ ಚೈನ್ ಕಳಚುವುದೊಂದು ಬಿಟ್ಟರೆ ಈ ತಾಪತ್ರಯಗಳೇ ಇರಲಿಲ್ಲ.

1984ರಲ್ಲಿ ಶಿಮಾನೊ ಕಂಪನಿ ‘ಡ್ಯುರಾ-ಏಸ್ 7400’ರ ಹಿಡಿಯಲ್ಲಿ ಕ್ಲಿಕ್ ತಂದಿತು. ಸನ್‌ಟೂರ್‌ನ ಓರೆ ಚತುರ್ಭುಜದ ಪೇಟೆಂಟ್ ಮುಗಿದದ್ದೂ ಅದೇ ಹೊತ್ತಿಗೆ, ಶಿಮಾನೊ ಅದನ್ನೂ ಬಳಸಿಕೊಂಡಿತು. ಇನ್ನು ಒಂದು ಕ್ಲಿಕ್ಕಿಗೆ ಒಂದು ಹಲ್ಲುಚಕ್ರ, ಕಿವಿಗೆ ಕೆಲಸವಿಲ್ಲ. ಅದಕ್ಕೆ ತೆತ್ತ ಬೆಲೆ ದೊಡ್ಡದು: ಹಿಡಿ, ಕೇಬಲ್, ಡಿರೇಲರ್, ಹಲ್ಲುಚಕ್ರಗಳ ಅಂತರ, ಎಲ್ಲವೂ ಒಂದೇ ಲೆಕ್ಕಕ್ಕೆ ಬರಬೇಕಾಯಿತು. ಮುಂದೆ ಎಂಟು ಗೇರು ಬಂದಾಗ ಶಿಮಾನೊ ಚಕ್ರಗಳ ನಡುವೆ 4.8 ಮಿ.ಮೀ. ಇಟ್ಟರೆ ಕಂಪಾನ್ಯೊಲೊ 5 ಮಿ.ಮೀ. ಇಟ್ಟಿತು. ಆ 0.2 ಮಿ.ಮೀ. ಒಂದೊಂದು ಕ್ಲಿಕ್ಕಿಗೂ ಕೂಡುತ್ತ ಹೋಗಿ, ಕೊನೆಯ ಚಕ್ರ ಮುಟ್ಟುವಷ್ಟರಲ್ಲಿ ಒಂದು ಮಿ.ಮೀ. ದಾಟುತ್ತದೆ. 7400ರ ಹಿಡಿಯಂತೂ ಶಿಮಾನೊದ್ದೇ ಕೆಳದರ್ಜೆಯ ಡಿರೇಲರ್‌ಗಳಿಗೂ ಒಗ್ಗುವುದಿಲ್ಲ.

ಹಳೆಯ ಸೈಕಲ್ಲಿನ ಸದ್ದು ಹಿಡಿಯಿಂದ ಅಡಗದಿದ್ದರೆ ಮೆಕ್ಯಾನಿಕ್ ಮೊದಲು ಅಳೆಯುವುದು ಚೈನನ್ನು. 24 ಕೊಂಡಿಗಳು 12 ಇಂಚು ಇರಬೇಕು. ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಿದ್ದರೆ ಚೈನ್ ಬದಲಿಸಬೇಕು. ಎಂಟನೇ ಒಂದು ಭಾಗ ಹೆಚ್ಚಿದ್ದರೆ ಫ್ರೀವೀಲಿನ ಹಲ್ಲುಗಳೂ ಸವೆದಿರುತ್ತವೆ, ಹೊಸ ಚೈನ್ ಅದರ ಮೇಲೆ ಜಿಗಿಯುತ್ತದೆ. ಆಮೇಲೆ ಡಿರೇಲರ್ ತೂಗುವ ಹ್ಯಾಂಗರ್. ಸೈಕಲ್ ಬಲಮಗ್ಗುಲಿಗೆ ಬಿದ್ದಿದ್ದರೆ ಅದು ಒಳಕ್ಕೆ ಬಾಗಿರುತ್ತದೆ. ಉಕ್ಕಿನದಾದರೆ ಹುಷಾರಾಗಿ ಎತ್ತಿ ನೇರ ಮಾಡಬಹುದು.

ಇಷ್ಟೆಲ್ಲ ಮಾಡಿಯೂ ಕ್ಲಿಕ್ಕಿಗೂ ಚಕ್ರಗಳಿಗೂ ಹೊಂದದಿದ್ದರೆ ದಾರಿ ಆ ಶಿಮಾನೊ ಹಿಡಿಯಲ್ಲೇ ಇದೆ. ಅದರ ಬದಿಯಲ್ಲಿ ಮಡಚಿಡುವ ಸಣ್ಣ ಬಳೆಯೊಂದಿದೆ. ಅದನ್ನೆತ್ತಿ ತಿರುಗಿಸಿದರೆ ಕ್ಲಿಕ್ ಹೋಗಿ ಹಳೆಯ ಘರ್ಷಣೆಯ ಹಿಡಿಯಾಗುತ್ತದೆ, ಆಗ ಬೇರೆ ಕಂಪನಿಯ ಡಿರೇಲರ್ ಇದ್ದರೂ ಗೇರು ಹಾಕಬಹುದು.