ಬಂಡಿಯೊಳಗಿನ ಬಿಡಾರ

ಅಮೆರಿಕದ ಡೆನ್ವರ್ ನಗರದಲ್ಲಿ ನೆಲೆಸಿರುವ ನನ್ನ ಅಣ್ಣನ ಮಗ ಕಳೆದ ಚಳಿಗಾಲದಲ್ಲಿ ಒಂದು ಚಿತ್ರ ಕಳುಹಿಸಿದ್ದ. ಸುತ್ತಲೂ ಹಿಮ. ಅದರ ನಡುವೆ ಒಂದು ದೊಡ್ಡ ಮೋಟಾರು ಬಂಡಿ. ಬಂಡಿಯ ಬಾಗಿಲಲ್ಲಿ ಚಹದ ಬಟ್ಟಲು ಹಿಡಿದು ನಗುತ್ತ ನಿಂತ ಅವನ ಹೆಂಡತಿ. ಹಿಮದ ಮೇಲೆ ಜಾರುವ ಆಟಕ್ಕೆಂದು ಕೊಲರಾಡೊ ಬೆಟ್ಟಗಳಿಗೆ ಹೋದವರು ಹತ್ತು ದಿನ ಆ ಬಂಡಿಯಲ್ಲಿಯೇ ಬಾಳುವೆ ಮಾಡಿದರಂತೆ. ಅದರೊಳಗೆ ಒಲೆಯುಂಟು, ಹಾಸಿಗೆಯುಂಟು, ನೀರಿನ ತೊಟ್ಟಿಯುಂಟು. ರಾತ್ರಿ ನೀರು ಹೆಪ್ಪುಗಟ್ಟಿ ಕೊಳವೆ ಒಡೆಯದಂತೆ ನೋಡಿಕೊಳ್ಳಬೇಕು. ಒಳಗೆ ಮಲಗಿದವರ ಉಸಿರಿನ ಹಬೆಯೇ ಬೆಳಗಾಗುವಷ್ಟರಲ್ಲಿ ಕಿಟಕಿಯ ಗಾಜಿನ ಮೇಲೆ ಮಂಜುಗಡ್ಡೆಯಾಗಿರುತ್ತದೆ. “ಕಾಕಾ, ಮನೆಯನ್ನೇ ಜೊತೆಗೆ ಒಯ್ಯುವ ಈ ಸುಖ ನಿಮ್ಮ ಕಾಲದಲ್ಲಿ ಎಲ್ಲಿತ್ತು?” ಎಂದು ಅವನು ಕೊನೆಗೆ ಬರೆದಿದ್ದ.

ಈ ಕೊನೆಯ ಮಾತು ನನ್ನನ್ನು ಚುಚ್ಚಿತು. ಮಾನ್ವಿ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಬನದ ಹುಣ್ಣಿಮೆಗೆ ಸಿಂಧನೂರಿನ ಆಚೆಯ ಸೋಮಲಾಪುರದ ಅಂಬಾದೇವಿ ಜಾತ್ರೆಗೆ ನಾವು ಹೋಗುತ್ತಿದ್ದುದಾದರೂ ಹೇಗೆ? ಅಜ್ಜಿಯ ಬಂಡಿಯೇ ನಮಗೆ ಮನೆಯಾಗಿತ್ತು. ಹೋಗುವುದಕ್ಕೆ ಎರಡು ಹಗಲು, ಬರುವುದಕ್ಕೆ ಎರಡು ಹಗಲು, ಜಾತ್ರೆಯಲ್ಲಿ ಮೂರು ದಿನ. ಅದು ಪುಷ್ಯಮಾಸ. ಹೊಲದಲ್ಲಿ ಬಿಳಿಜೋಳ ತೆನೆ ಕಟ್ಟಿರುತ್ತಿತ್ತು. ದಾರಿಯುದ್ದಕ್ಕೂ ಸೀತನಿಯ ವಾಸನೆ. ಬಂಡಿಯ ಮೇಲೆ ಬಿದಿರಿನ ಕಮಾನು, ಕಮಾನಿನ ಮೇಲೆ ಕಂಬಳಿ. ಕೆಳಗೆ ಮೊಳದೆತ್ತರ ಹುಲ್ಲು, ಅದರ ಮೇಲೆ ಜಮಖಾನೆ, ಜಮಖಾನೆಯ ಮೇಲೆ ಕೌದಿ. ಒಂದು ಮೂಲೆಯಲ್ಲಿ ಸಜ್ಜೆಯ ಕಟಕರೊಟ್ಟಿಯ ಗಂಟು, ಶೇಂಗಾ ಹಿಂಡಿ, ಅಜ್ಜಿಯ ತಾಮ್ರದ ತಂಬಿಗೆ. ಅಚ್ಚಿನ ಕೆಳಗೆ ತೂಗುವ ಲಾಟೀನು. ಆ ಹುಲ್ಲಿನ ವಿಚಾರವನ್ನು ಇಲ್ಲಿಯೇ ಹೇಳಿಬಿಡಬೇಕು. ರಾತ್ರಿ ಅದು ನಮ್ಮ ಹಾಸಿಗೆ, ಹಗಲು ಎತ್ತುಗಳ ಮೇವು. ಎತ್ತು ಮೇಯ್ದಂತೆಲ್ಲ ನಮ್ಮ ಹಾಸಿಗೆ ತೆಳುವಾಗುತ್ತಿತ್ತು. ಊರಿಗೆ ಮರಳುವ ಹೊತ್ತಿಗೆ ಬೆನ್ನಿಗೆ ಹಲಗೆಯೇ ತಾಗುತ್ತಿತ್ತು.

ಅಣ್ಣನ ಮಗನಿಗೆ ಉತ್ತರ ಬರೆಯಬೇಕೆಂದು ಕುಳಿತಾಗ, ಇದು ನಮ್ಮ ಮನೆಯೊಂದರ ಮಾತಲ್ಲ, ಈ ನಾಡಿನ ಮಾತು ಎಂದೆನಿಸಿತು. ರಾಯಚೂರಿನ ಕೋಟೆಯನ್ನು ಕಂಡವರು ಅದರ ಗೋಡೆಯಲ್ಲಿರುವ ಸುಮಾರು ೪೧ ಅಡಿ ಉದ್ದದ ಒಂದೇ ಕಲ್ಲನ್ನು ಮರೆಯಲಾರರು. ಕಾಕತೀಯರ ಕಾಲದ, ೧೨೯೪ನೆಯ ಇಸವಿಯ ತೆಲುಗು ಶಾಸನ ಅದರ ಮೇಲಿದೆ. ಆ ಕಲ್ಲನ್ನು ಗಾಲಿಗಳ ಮೇಲೆ ಏರಿಸಿ, ಸಾಲುಸಾಲಾಗಿ ಹೂಡಿದ ಪಶುಗಳಿಂದ ಎಳೆಸುತ್ತಿರುವ ದೃಶ್ಯವನ್ನೂ ಅಲ್ಲಿಯೇ ಕೆತ್ತಿದ್ದಾರೆ. ಕೋಟೆ ಎಂದರೆ ಕದಲದೆ ನಿಲ್ಲುವುದು. ಆ ಕದಲದ ಗೋಡೆಯ ಮೇಲೆ ಕದಲುವ ಬಂಡಿಯ ಚಿತ್ರವನ್ನು ಬಿಡಿಸಿದ ಕಲ್ಲುಕುಟಿಗ ನಮ್ಮ ಸೀಮೆಯ ಚರಿತ್ರೆಯನ್ನೇ ಬರೆದಿಟ್ಟನೆಂದರೆ ಉತ್ಪ್ರೇಕ್ಷೆಯಾಗಲಾರದು.

ಕೃಷ್ಣೆ ತುಂಗಭದ್ರೆಗಳ ನಡುವಿನ ಈ ದೋಆಬಿಗಾಗಿ ನಡೆದ ಕಾಳಗಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಹೆಸರಾದದ್ದು ೧೫೨೦ರ ಮೇ ತಿಂಗಳಲ್ಲಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲಶಾಹನಿಗೂ ನಡೆದ ಯುದ್ಧ. ಇದನ್ನು ಮುಂದೆ ಸವಿಸ್ತಾರವಾಗಿ ಬರೆದಿಟ್ಟವನು ಪೋರ್ಚುಗೀಸರ ನೂನಿಜ್. ರಾಯನ ಸೈನ್ಯ ರಾಯಚೂರಿಗೆ ಹರದಾರಿಯ ಅಳತೆಯಲ್ಲಿರುವ ಮಲಿಯಾಬಾದಿನಲ್ಲಿ ತಂಗಿದುದನ್ನು ಅವನು ಹೇಳುತ್ತಾನೆ. ರಾಯನ ಗುಡಾರದ ಸುತ್ತ ಮುಳ್ಳಿನ ಬೇಲಿ, ಅದಕ್ಕೊಂದೇ ಬಾಗಿಲು. ಒಳಗೆ ರಾಯ ಸದಾ ಜೊತೆಯಲ್ಲಿ ಒಯ್ಯುತ್ತಿದ್ದ ದೇವರ ಮೂರ್ತಿ, ಅದನ್ನು ನೋಡಿಕೊಳ್ಳುವ ಬ್ರಾಹ್ಮಣ. ಪಾಳೆಯದೊಳಗೆ ಬೀದಿಗಳು, ಪೇಟೆಗಳು, ಅಗಸರು, ರತ್ನಪಡಿ ವ್ಯಾಪಾರಿಗಳು. ದಾರಿಯಲ್ಲಿ ಯಾರೂ ಬಾಯಾರಿ ಸಾಯಬಾರದೆಂದು ಚರ್ಮದ ಚೀಲಗಳಲ್ಲಿ ನೀರು ಹೊತ್ತವರೇ ಹತ್ತು ಹನ್ನೆರಡು ಸಾವಿರ ಜನ. ನೂನಿಜನ ಸಂಖ್ಯೆಗಳನ್ನೆಲ್ಲ ಹಾಗೆಯೇ ನಂಬಬೇಕಾಗಿಲ್ಲ. ಆದರೆ ಒಂದು ಪಟ್ಟಣವೇ ಕಾಲು ಬಂದು ನಡೆದುಹೋಯಿತೆಂಬುದರಲ್ಲಿ ಸಂದೇಹವಿಲ್ಲ. ಅದನ್ನು ಯಾರೂ ಅಲೆಮಾರಿತನವೆಂದು ಕರೆಯಲಿಲ್ಲ, ದಂಡಯಾತ್ರೆ ಎಂದರು.

ರಾಜರು ಹೀಗಾದರೆ ದಾಸರು ಇನ್ನೊಂದು ಬಗೆ. ಮಾನ್ವಿ ತಾಲ್ಲೂಕಿನ ಚೀಕಲಪರವಿಯಲ್ಲಿ ಹುಟ್ಟಿದ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ೧೮೦೯ರಲ್ಲಿ ಮಾನ್ವಿಯಲ್ಲಿ ದೇಹವಿಟ್ಟ ಜಗನ್ನಾಥದಾಸರು, ಇವರೆಲ್ಲ ತಂಬೂರಿ ಹಿಡಿದು ಊರೂರು ಸುತ್ತಿದವರ ಪರಂಪರೆಗೆ ಸೇರಿದವರು. ಅವರು ತಂಗಿದ ಮನೆ ತಾನು ಪಾವನವಾಯಿತೆಂದುಕೊಂಡಿತು. ಅವರ ತಿರುಗಾಟಕ್ಕೆ ಸಂಚಾರವೆಂದು ಹೆಸರಾಯಿತು.

ಇನ್ನು ಮೂರನೆಯವರು. ಹದಿನೇಳನೆಯ ಶತಮಾನದಲ್ಲಿ ದಖ್ಖಣದಲ್ಲಿ ತಿರುಗಾಡಿದ ಫ್ರೆಂಚ್ ರತ್ನವ್ಯಾಪಾರಿ ತಾವೆರ್ನಿಯೆ, ಹತ್ತು ಹನ್ನೆರಡು ಸಾವಿರ ಎತ್ತುಗಳ ಹಿಂಡು ಎದುರಿಗೆ ಬಂದಾಗ ದಾರಿಗಾಗಿ ಎರಡು ಮೂರು ದಿನ ಕಾಯಬೇಕಾಗುತ್ತದೆಂದು ಬರೆದಿದ್ದಾನೆ. ಗೋಧಿ ಹೊರುವವರು ಗೋಧಿಯನ್ನೇ, ಅಕ್ಕಿಯವರು ಅಕ್ಕಿಯನ್ನೇ, ಬೇಳೆಯವರು ಬೇಳೆಯನ್ನೇ, ಉಪ್ಪಿನವರು ಉಪ್ಪನ್ನೇ ಹೊರುತ್ತಿದ್ದರು. ಹೆಂಡಿರು ಮಕ್ಕಳೊಡನೆ ಗುಡಾರದಲ್ಲಿಯೇ ಬಾಳು. ಮನೆ ಎಂಬುದೇ ಇಲ್ಲ. ನಾವು ಲಂಬಾಣಿಗಳೆಂದು ಕರೆಯುವ ಬಂಜಾರರ ಹಿರಿಯರು ಇಂಥವರು. ಇವರ ಧಾನ್ಯ ಬಾರದೆ ಮೊಗಲರ ದಂಡೂ ಮುಂದೆ ಸಾಗುತ್ತಿರಲಿಲ್ಲ, ೧೭೯೧ರಲ್ಲಿ ಶ್ರೀರಂಗಪಟ್ಟಣದ ಮೇಲೆ ನಡೆದ ಕಾರ್ನ್‌ವಾಲಿಸನ ದಂಡೂ ಉಳಿಯುತ್ತಿರಲಿಲ್ಲ. ಕರಾವಳಿಯ ಉಪ್ಪು ಒಳನಾಡಿನ ಅಡಿಗೆಮನೆಗೆ ಬಂದದ್ದು ಇವರ ಎತ್ತುಗಳ ಬೆನ್ನ ಮೇಲೆ.

೧೮೭೧ರಲ್ಲಿ ಮುಂಬಯಿಯ ಕಡೆಯಿಂದ ಬಂದ ರೈಲು ದಾರಿಯೂ ಮದರಾಸಿನ ಕಡೆಯಿಂದ ಬಂದ ದಾರಿಯೂ ರಾಯಚೂರಿನಲ್ಲಿ ಕೂಡಿದವು. ನಮ್ಮ ಊರು ದೇಶದ ನಕಾಶೆಯ ಮೇಲೆ ಮೆರೆಯಿತೆಂದು ನಾವು ಹೆಮ್ಮೆಪಡುತ್ತೇವೆ. ಆದರೆ ಸಾವಿರ ಎತ್ತುಗಳ ಹೊರೆಯನ್ನು ಒಂದು ಗೂಡ್ಸ್ ಗಾಡಿ ಎಳೆದೊಯ್ದಾಗ ಆ ಎತ್ತುಗಳ ಒಡೆಯ ಏನಾದ? ಅದೇ ೧೮೭೧ರಲ್ಲಿ ಬ್ರಿಟಿಷ್ ಸರಕಾರ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಮಾಡಿತು. ಮೊದಲು ಉತ್ತರ ಭಾರತದಲ್ಲಿ ಜಾರಿಯಾದ ಅದು ೧೯೧೧ರಲ್ಲಿ ಮದರಾಸು ಪ್ರಾಂತಕ್ಕೂ ಬಂದಿತು. ನಮ್ಮ ಹೈದರಾಬಾದು ಸಂಸ್ಥಾನದಲ್ಲಿಯೂ ಲಂಬಾಣಿಗಳ ಮೇಲೆ ಇಂಥ ಕಣ್ಗಾವಲು ಇದ್ದಿತು. ನಿನ್ನೆ ಅನ್ನ ಹೊತ್ತು ತಂದವನನ್ನು ಇಂದು ಕಳ್ಳನೆಂದು ನೋಡತೊಡಗಿದರು.

ಇದು ನಮ್ಮಲ್ಲಿ ಮಾತ್ರ ನಡೆದದ್ದೆಂದು ತಿಳಿಯಬಾರದು. ಇಂಗ್ಲೆಂಡಿನ ೧೮೨೪ರ ಒಂದು ಕಾನೂನಿನ ಪ್ರಕಾರ, ಜೀವನೋಪಾಯ ಕಾಣದವನು ಬಂಡಿಯಲ್ಲಿ ಮಲಗಿದರೆ ಅದು ಶಿಕ್ಷೆಗೆ ತಕ್ಕ ಅಪರಾಧವಾಗಿತ್ತು. ಅದೇ ದೇಶದಲ್ಲಿ ೧೮೮೫ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾದಳದ ವೈದ್ಯರು ಜಿಪ್ಸಿಗಳ ಬಂಡಿಯನ್ನು ಕಂಡು ಮನಸೋತು, ಬ್ರಿಸ್ಟಲ್ ನಗರದಲ್ಲಿ ತಮಗೊಂದು ಭವ್ಯವಾದ ಕುದುರೆಬಂಡಿಯ ಮನೆಯನ್ನು ಕಟ್ಟಿಸಿಕೊಂಡರು. ಅದರಲ್ಲಿ ನಾಡನ್ನೆಲ್ಲ ಸುತ್ತಿ ಪುಸ್ತಕ ಬರೆದರು. ೧೯೦೭ರಲ್ಲಿ ಇಂಥ ವಿಹಾರಪ್ರಿಯರ ಸಂಘವೇ ಹುಟ್ಟಿತು. ಅಣ್ಣನ ಮಗನ ಮೋಟಾರು ಬಂಡಿಯ ವಂಶವೃಕ್ಷದಲ್ಲಿ ಆ ಕುದುರೆಬಂಡಿಗೂ ಒಂದು ಕೊಂಬೆಯಿದೆ. ಬಂಡಿ ಒಂದೇ, ಮಲಗುವ ರೀತಿ ಒಂದೇ. ಹಿಂದೆ ಬೀಗ ಹಾಕಿಬಂದ ಮನೆಯೊಂದಿದ್ದರೆ ಅದು ವಿಹಾರ; ಇಲ್ಲವಾದರೆ ಅಪರಾಧ.

ಇಷ್ಟು ಹೇಳಿದ ಮೇಲೆ ನನ್ನ ಮನೆಯ ಮಾತನ್ನು ಮುಚ್ಚಿಡುವುದು ನ್ಯಾಯವಲ್ಲ. ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗಿರಬೇಕು. ನನಗೆ ಎಂಟು ವರ್ಷ. ಜಾತ್ರೆಯ ದಾರಿಯಲ್ಲಿ ಒಂದು ಹಳ್ಳದ ದಂಡೆಯ ತೋಪಿನಲ್ಲಿ ಬಂಡಿ ಬಿಟ್ಟಿದ್ದೆವು. ಅದೇ ತೋಪಿನ ಆಚೆಯ ಬದಿಗೆ ನಾಲ್ಕಾರು ಲಂಬಾಣಿ ಸಂಸಾರಗಳು ಬಿಡಾರ ಬಿಟ್ಟಿದ್ದವು. ತುಂಗಭದ್ರೆಯ ಎಡದಂಡೆ ಕಾಲುವೆಯ ಮಣ್ಣಿನ ಕೆಲಸಕ್ಕೆ ಹೊರಟವರು. ಅವರದೂ ಬಂಡಿ, ನಮ್ಮದೂ ಬಂಡಿ. ಅವರದೂ ಮೂರು ಕಲ್ಲಿನ ಒಲೆ, ನಮ್ಮದೂ ಮೂರು ಕಲ್ಲಿನ ಒಲೆ. ಸಂಜೆ ಆ ಊರಿನ ತಳವಾರ ಬಂದ. ನಮ್ಮ ಬಂಡಿಗೆ ಕೈಮುಗಿದು, “ಜಾತ್ರಿಗೆ ಹೊಂಟೀರೇನ್ರೀ? ಅವ್ವಗ ನಮ್ಮದೂ ಒಂದು ಕಾಯಿ ಒಡಸ್ರಿ” ಎಂದು ನಾಲ್ಕಾಣೆ ಕೊಟ್ಟ. ಅವರ ಕಡೆ ಹೋಗಿ, “ಯಾವೂರು? ಯಾವಾಗ ಬಿಡಾರ ಕೀಳ್ತೀರಿ?” ಎಂದು ಗದರಿಸಿದ.

ಬೆಳಿಗ್ಗೆ ಅಜ್ಜಿಯ ತಂಬಿಗೆ ಕಾಣಲಿಲ್ಲ. ನನ್ನ ಕಾಕ ಒಂದು ಮಾತೂ ಆಡದೆ ತಳವಾರನನ್ನು ಕರೆತಂದ. ಇಬ್ಬರೂ ಹೋಗಿ ಆ ಜನರ ಗಂಟುಮೂಟೆಗಳನ್ನೆಲ್ಲ ಬಿಚ್ಚಿಸಿದರು. ಒಬ್ಬ ಹೆಣ್ಣುಮಗಳು ತನ್ನ ಕೂಸಿನ ತೊಟ್ಟಿಲ ಬಟ್ಟೆಯನ್ನೂ ಕೊಡವಿ ತೋರಿಸಿದಳು. ತಂಬಿಗೆ ಸಿಗಲಿಲ್ಲ. ಬಿಸಿಲೇರುವ ಮೊದಲೇ ಅವರು ಬಿಡಾರ ಕಿತ್ತು ಹೋದರು.

ಮರುದಿನ ರಾತ್ರಿ ಎತ್ತಿಗೆ ಹಾಕಲು ಹುಲ್ಲು ಎಳೆದಾಗ ಹಲಗೆಯ ಮೇಲೆ ಠಣ್ ಎಂದು ಸದ್ದಾಯಿತು. ಹಾಸಿಗೆ ತೆಳುವಾಗಿ ತಂಬಿಗೆ ಹೊರಬಿದ್ದಿತ್ತು. ಕಾಕ ಅದನ್ನು ತೊಳೆದು ನೀರು ತುಂಬಿ ಸುಮ್ಮನೆ ಇಟ್ಟ. ಅಜ್ಜಿ ಮಾತ್ರ, “ಆ ಹೆಣ್ಣುಮಗಳ ಮುಖ ನೋಡಿದ್ಯೇನೋ?” ಎಂದಳು. ಬರುವಾಗ ಅದೇ ತೋಪಿನಲ್ಲಿ ಬಂಡಿ ನಿಲ್ಲಿಸಿ, ಅವರನ್ನು ಹುಡುಕಲು ಕಾಕನನ್ನು ಕಳುಹಿಸಿದಳು. ಮೂರು ಕಲ್ಲು, ಒಂದಿಷ್ಟು ಬೂದಿ, ಅಷ್ಟೇ ಇತ್ತು. ಜಾತ್ರೆಯ ಸಿಹಿಯನ್ನು ಅಜ್ಜಿ ಆ ವರ್ಷ ಬಾಯಿಗೆ ಹಾಕಲಿಲ್ಲ.

ಆ ಹಳೆಯ ಕಾಯಿದೆ ೧೯೫೨ರಲ್ಲಿಯೇ ರದ್ದಾಗಿತ್ತೆಂದು ನಾನು ಎಷ್ಟೋ ವರ್ಷಗಳ ಮೇಲೆ ಓದಿ ತಿಳಿದೆ. ಪುಸ್ತಕದಿಂದ ಹೋದದ್ದು ತಳವಾರನ ನಾಲಿಗೆಯಿಂದಲೂ ನನ್ನ ಕಾಕನ ಮನಸ್ಸಿನಿಂದಲೂ ಹೋಗಿರಲಿಲ್ಲ. ೨೦೨೩ರ ಜನವರಿ ೧೯ರಂದು ಮಳಖೇಡದಲ್ಲಿ, ರಾಯಚೂರೂ ಸೇರಿದಂತೆ ಐದು ಜಿಲ್ಲೆಗಳ ಸುಮಾರು ಐವತ್ತು ಸಾವಿರ ತಾಂಡಾ ಕುಟುಂಬಗಳಿಗೆ ಮನೆಯ ಹಕ್ಕುಪತ್ರ ವಿತರಣೆ ನಡೆಯಿತು. ತಲೆಮಾರುಗಳಿಂದ ನೆಲೆ ನಿಂತಿದ್ದರೂ ಆ ನೆಲ ಅವರದೆಂದು ಕಾಗದದಲ್ಲಿ ಇರಲಿಲ್ಲ. ಇತ್ತ ದೇವದುರ್ಗ, ಮಾನ್ವಿಗಳಿಂದ ಗುಳೆ ಹೋಗುವವರ ಸಾಲು ಇನ್ನೂ ನಿಂತಿಲ್ಲ. ಬೆಂಗಳೂರಿನ ಕಟ್ಟಡಗಳ ಬದಿಯಲ್ಲಿ, ತಗಡಿನ ಗೂಡುಗಳಲ್ಲಿ, ನಮ್ಮ ಜನ ಸಂಸಾರ ಹೂಡಿದ್ದಾರೆ. ಅವರೂ ಮನೆಯನ್ನು ಜೊತೆಯಲ್ಲಿಯೇ ಒಯ್ದವರು. ಅವರ ಚಿತ್ರ ತೆಗೆದು ಯಾರೂ ಯಾರಿಗೂ ಕಳುಹಿಸುವುದಿಲ್ಲ.

ಇದನ್ನೆಲ್ಲ ಬರೆದು ಮುಗಿಸುವ ಮೊದಲು ಅಣ್ಣನ ಮಗನನ್ನು ಒಂದು ಪ್ರಶ್ನೆ ಕೇಳಿದ್ದೆ: “ರಾತ್ರಿ ಬಂಡಿಯಲ್ಲಿ ಮಲಗಿದಾಗ ಯಾರಾದರೂ ಬಂದು ನೀವು ಯಾರೆಂದು ಕೇಳಿದರೇನಪ್ಪಾ?” ಉತ್ತರ ಬಂತು. ಒಂದು ಊರಿನಲ್ಲಿ ನಡುರಾತ್ರಿ ಪೊಲೀಸಿನವನು ಕಿಟಕಿ ತಟ್ಟಿ, ಇಲ್ಲಿ ಮಲಗಕೂಡದು, ಮುಂದೆ ಹೋಗಿ ಎಂದನಂತೆ. ಮಕ್ಕಳು ಹೆದರಿದರಂತೆ. “ನಾವೇನು ಕಳ್ಳರೇ, ಕಾಕಾ?” ಎಂದು ಅವನು ಸಿಟ್ಟಿನಿಂದ ಬರೆದಿದ್ದಾನೆ.

ಅವನ ಸಿಟ್ಟು ನ್ಯಾಯವಾದದ್ದೇ. ಅಜ್ಜಿಯ ತಂಬಿಗೆ ಇಂದಿಗೂ ನಮ್ಮ ದೇವರ ಮನೆಯಲ್ಲಿದೆ. ಮುಂದಿನ ಬಾರಿ ಅವನು ಊರಿಗೆ ಬಂದಾಗ ಅದರ ಕತೆಯನ್ನು ಹೇಳಿ, ಅದರಲ್ಲಿಯೇ ಅವನಿಗೆ ನೀರು ಕೊಡಬೇಕೆಂದಿದ್ದೇನೆ.