ಹೋಟೆಲ್ ಊಟ: ನಂಬಿಕೆಗೆ ನೂರು ವರ್ಷ

ಮೊಳಕಾಲ್ಮೂರಿಗೆ ರೇಷ್ಮೆ ಸೀರೆ ಕೊಳ್ಳಲು ಬಂದವರಾಗಲಿ, ಚಳ್ಳಕೆರೆ ಮಾರುಕಟ್ಟೆಗೆ ಶೇಂಗಾ ತಂದ ರೈತರಾಗಲಿ, ಮಧ್ಯಾಹ್ನವಾಗುತ್ತಲೇ ಕೇಳುವ ಪ್ರಶ್ನೆ ಒಂದೇ: ‘ಇಲ್ಲಿ ಒಳ್ಳೇ ಹೋಟೆಲ್ ಯಾವುದು?’ ಒಳ್ಳೆಯದು ಎಂದರೆ ರುಚಿಯಷ್ಟೇ ಅಲ್ಲ. ಹೋದ ಸಲ ತಿಂದದ್ದೇ ಈ ಸಲವೂ ಸಿಗಬೇಕು; ತಿಂದದ್ದು ಹೊಟ್ಟೆ ಕೆಡಿಸಬಾರದು; ಬಿಲ್ ನೋಡಿ ಗಾಬರಿಯಾಗಬಾರದು. ಎಲ್ಲಕ್ಕಿಂತ ಹೆಚ್ಚಾಗಿ, ಒಳಗೆ ಹೋಗಿ ಕೂರಲು ಅಳುಕಿರಬಾರದು. ಇಂದು ಸಹಜವೆನಿಸುವ ಈ ನಿರೀಕ್ಷೆಗಳ ಇತಿಹಾಸ ನಮ್ಮಲ್ಲಿ ಬಹಳ ಹಳೆಯದೇನಲ್ಲ.

ಹೋಟೆಲುಗಳು ಬರುವ ಮುನ್ನ ಪ್ರಯಾಣಿಕರು ಮನೆಯಿಂದಲೇ ರೊಟ್ಟಿ ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದರು. ಬುತ್ತಿ ಮುಗಿದರೆ ಛತ್ರ, ಮಠ ಅಥವಾ ನೆಂಟರ ಮನೆ. ಅನ್ನ ಬೇಯಿಸಿದವರು ಯಾರು, ಯಾವ ಪಾತ್ರೆಯಲ್ಲಿ ಎಂಬುದು ದೊಡ್ಡ ಪ್ರಶ್ನೆಯಾಗಿತ್ತು. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಸಂಪ್ರದಾಯಸ್ಥ ಮ್ಯಾಸಬೇಡರು ಕುರಿ ಮಾಂಸ ತಿಂದರೂ ಕೋಳಿ ಮುಟ್ಟುವುದಿಲ್ಲ. ಇಂಥ ಕಟ್ಟುಪಾಡುಗಳಿರುವ ಜನ ಅಪರಿಚಿತರ ಅಡುಗೆಯನ್ನು ಸುಲಭವಾಗಿ ನಂಬುವುದಾದರೂ ಹೇಗೆ?

ಅಪರಿಚಿತರ ಅಡುಗೆಯನ್ನು ನಂಬಿಸುವ ಸಮಸ್ಯೆ ಅಮೆರಿಕದಲ್ಲೂ ಇತ್ತು. ಅಲ್ಲಿ ರೈಲು ಪ್ರಯಾಣಿಕರಿಗೆ ದಾರಿಯಲ್ಲಿ ಸಿಗುತ್ತಿದ್ದ ಊಟ ಕಳಪೆಗೆ ಹೆಸರಾಗಿತ್ತು. 1876ರಲ್ಲಿ ಫ್ರೆಡ್ ಹಾರ್ವೆ ಎಂಬಾತ ಕಾನ್ಸಾಸ್ ರಾಜ್ಯದ ಟೊಪೀಕಾ ನಿಲ್ದಾಣದಲ್ಲಿ ಊಟದ ಮನೆ ತೆರೆದ. ಸಾಂತಾ ಫೆ ರೈಲು ಮಾರ್ಗದ ಉದ್ದಕ್ಕೂ ಅದರ ಶಾಖೆಗಳು ಹರಡಿದವು. ಯಾವ ನಿಲ್ದಾಣದಲ್ಲಿ ಇಳಿದರೂ ಅದೇ ಶುಚಿ, ಅದೇ ಉಪಚಾರ. ಇಂದು ಅಮೆರಿಕದ ಪಟ್ಟಣಗಳಲ್ಲಿ ಮಧ್ಯಮ ವರ್ಗದವರು ಯೋಚಿಸದೆ ಹೊಕ್ಕುವ ‘ಗ್ರಿಲ್’ ರೆಸ್ಟೋರೆಂಟುಗಳು ಮಾರುವುದೂ ಇದೇ ಭರವಸೆಯನ್ನು.

ನಮ್ಮಲ್ಲಿ ಆ ಭರವಸೆಯನ್ನು ಮೊದಲು ಕೊಟ್ಟದ್ದು ಜಾತಿಯ ಬೋರ್ಡು. ‘ಬ್ರಾಹ್ಮಣರ ಕಾಫಿ ಕ್ಲಬ್’, ‘ಲಿಂಗಾಯತ ಖಾನಾವಳಿ’ ಎಂಬ ಹೆಸರುಗಳೇ ಒಳಗಿನ ಅಡುಗೆಗೆ ಜಾಮೀನು. ಮಾಂಸಾಹಾರಕ್ಕೆ ‘ಮಿಲಿಟರಿ ಹೋಟೆಲ್’. 1924ರಲ್ಲಿ ಉಡುಪಿ ಕಡೆಯಿಂದ ಬೆಂಗಳೂರಿಗೆ ಬಂದ ಯಜ್ಞನಾರಾಯಣ ಮಯ್ಯ ಮತ್ತು ಸೋದರರು ತೆರೆದದ್ದೂ ಒಂದು ಬ್ರಾಹ್ಮಣ ಕಾಫಿ ಕ್ಲಬ್ಬನ್ನೇ. 1951ರಲ್ಲಿ ಮಯ್ಯರು ಯುರೋಪ್ ಪ್ರವಾಸ ಮಾಡಿ, ಅಲ್ಲಿನ ಹೋಟೆಲುಗಳ ಶುಚಿತ್ವ ಕಂಡು ಬಂದರು. ತಟ್ಟೆ ಲೋಟಗಳನ್ನು ಬಿಸಿ ಹಬೆಯಲ್ಲಿ ತೊಳೆಯುವ ಕ್ರಮ ತಂದರು. ಗಿರಾಕಿಗಳಿಗೆ ಅಡುಗೆಮನೆಯನ್ನೇ ತೆರೆದು ತೋರಿಸಿದರು. 1960ರಲ್ಲಿ ಹೋಟೆಲು ಲಾಲ್‌ಬಾಗ್ ರಸ್ತೆಗೆ ಬಂದಾಗ ಅದರ ಹೆಸರು ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂಟಿಆರ್. ಬೋರ್ಡಿನಿಂದ ಜಾತಿ ಹೋಗಿ ಊರಿನ ಹೆಸರು ಬಂದಿತ್ತು.

ಆದರೆ ಒಬ್ಬರಿಗೆ ಜಾಮೀನಾದ ಬೋರ್ಡು ಮತ್ತೊಬ್ಬರಿಗೆ ಮುಚ್ಚಿದ ಬಾಗಿಲಾಗಿತ್ತು ಎಂಬುದನ್ನು ಮರೆಯುವಂತಿಲ್ಲ. ಜಾತಿಗೊಂದು ಪಂಕ್ತಿ ಹಾಕುವ ಹೋಟೆಲುಗಳಿದ್ದವು. ಹಳ್ಳಿಯ ಚಹಾದಂಗಡಿಗಳಲ್ಲಿ ದಲಿತರಿಗೆ ಬೇರೆ ಲೋಟ, ಕೂರಲು ಹೊರಗಿನ ಜಾಗ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ, ಅಂಗಡಿ ಮತ್ತು ಹೋಟೆಲು ಪ್ರವೇಶಕ್ಕೆ ಜಾತಿಯ ಕಾರಣದಿಂದ ಅಡ್ಡಿ ಮಾಡುವಂತಿಲ್ಲ ಎಂದಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಇನ್ನೂ ಮುಂದೆ ಹೋಗಿ, ಹೋಟೆಲಿನ ಪಾತ್ರೆಗಳ ಬಳಕೆಗೆ ತಡೆಯೊಡ್ಡುವುದನ್ನೂ ಅಪರಾಧವಾಗಿಸಿತು. ಲೋಟದ ಮಾತು ಕಾನೂನಿನ ಪುಸ್ತಕಕ್ಕೆ ಬರಬೇಕಾಯಿತು ಎಂದರೆ ಪಿಡುಗಿನ ಆಳ ತಿಳಿಯುತ್ತದೆ. ಕಾಯ್ದೆ ಬಂದ ಮಾತ್ರಕ್ಕೆ ಎರಡು ಲೋಟದ ಪದ್ಧತಿ ಕೂಡಲೇ ನಿಲ್ಲಲಿಲ್ಲ ಎಂಬುದೂ ನಿಜವೇ.

ದರದ ಪರೀಕ್ಷೆ ಬಂದದ್ದು 1975ರ ತುರ್ತು ಪರಿಸ್ಥಿತಿಯಲ್ಲಿ. ಹೋಟೆಲ್ ತಿಂಡಿಗಳ ಬೆಲೆ ಇಳಿಸುವಂತೆ ಸರ್ಕಾರ ಆಜ್ಞೆ ಮಾಡಿತು. ಗುಣಮಟ್ಟ ಇಳಿಸಲೊಪ್ಪದ ಎಂಟಿಆರ್, ಆ ದರದಲ್ಲೇ ಬಡಿಸಿ ತನಗಾದ ನಷ್ಟವನ್ನು ಬೋರ್ಡಿನ ಮೇಲೆ ಬರೆದು ತೂಗುಹಾಕಿತು. ಕೊನೆಗೆ ಹೋಟೆಲನ್ನೇ ಮುಚ್ಚಿ, ಮಸಾಲೆ ಪುಡಿ ಮತ್ತು ದಿಢೀರ್ ತಿಂಡಿಗಳ ಮಿಶ್ರಣದ ವ್ಯಾಪಾರಕ್ಕೆ ಒತ್ತು ಕೊಟ್ಟಿತು. ಹೋಟೆಲು ಮತ್ತೆ ತೆರೆದದ್ದು ಕೆಲವು ವರ್ಷಗಳ ನಂತರ. ರುಚಿಯನ್ನು ಒಂದೇ ಹದದಲ್ಲಿ ಕಾಯಲು ಎಷ್ಟು ಬೆಲೆ ತೆರಬೇಕು ಎಂಬುದಕ್ಕೆ ಇದೊಂದು ಸಾಕ್ಷಿ.

ದೊಡ್ಡ ಊರಿನ ದೊಡ್ಡ ಹೋಟೆಲುಗಳಷ್ಟೇ ಈ ಪಾಠ ಕಲಿತಿಲ್ಲ. ಚಿತ್ರದುರ್ಗ ಸೀಮೆಯ ಮಂಡಕ್ಕಿ, ಮೆಣಸಿನಕಾಯಿ ಅಂಗಡಿಯಲ್ಲಿ ಬಾಣಲೆ ಇರುವುದು ಗಿರಾಕಿಯ ಕಣ್ಣೆದುರಿಗೇ. ಹಿಟ್ಟು ಕಲಸುವುದೂ ಎಣ್ಣೆಯಿಂದ ಮಿರ್ಚಿ ತೆಗೆಯುವುದೂ ಮುಚ್ಚುಮರೆಯಿಲ್ಲದ ಕೆಲಸ. ಮಯ್ಯರು ಅಡುಗೆಮನೆ ತೆರೆದು ಗಳಿಸಿದ ನಂಬಿಕೆಯನ್ನು ಈ ಅಂಗಡಿಗಳು ಗೋಡೆಯೇ ಇಲ್ಲದೆ ಗಳಿಸಿಕೊಂಡಿವೆ. 2006ರ ಆಹಾರ ಸುರಕ್ಷತಾ ಕಾಯ್ದೆಯ ನಂತರ ಹೋಟೆಲಿನ ಗೋಡೆಗೆ ಪರವಾನಗಿ ಸಂಖ್ಯೆಯೂ ಬಂದಿದೆ. ಆದರೆ ಸಂಖ್ಯೆ ಶುಚಿಯ ಮಾತನ್ನಷ್ಟೇ ಹೇಳಬಲ್ಲದು. ಬಂದವರೆಲ್ಲ ಒಂದೇ ಬೆಂಚಿನಲ್ಲಿ ಕೂತು, ಒಂದೇ ಬಗೆಯ ಲೋಟದಲ್ಲಿ ಚಹಾ ಕುಡಿಯುತ್ತಾರೆಯೇ ಎಂಬುದನ್ನು ಒಳಗೆ ಹೋಗಿಯೇ ನೋಡಬೇಕು.