ಮಿಸರ್‌ಗೆ ಹೋದ ಮೈಸೂರಿನ ಹುಡುಗರು

ನನ್ನ ಚಿಕ್ಕಮ್ಮನ ಮಗಳು ಎರಡು ವರ್ಷದಿಂದ ಕೈರೋದಲ್ಲಿದ್ದಾಳೆ. ಕಂಪನಿ ಕಳಿಸಿತು, ಹೋದಳು. ಅಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಹಾಗಾಗಿ ನಾನು ಮಾನಸಗಂಗೋತ್ರಿಯ ಗ್ರಂಥಾಲಯದಲ್ಲಿ ತೂಕಡಿಸುವ ಶುಕ್ರವಾರದ ಮಧ್ಯಾಹ್ನಗಳಲ್ಲಿ ಅವಳ ಫೋಟೋಗಳು ಬರುತ್ತವೆ. ಖಾನ್ ಅಲ್ ಖಲೀಲಿ ಬಜಾರಿನ ಹಿತ್ತಾಳೆ ದೀಪಗಳು, ನೈಲ್ ನದಿಯ ಫೆಲುಕಾ ದೋಣಿ, ಅನ್ನಕ್ಕೆ ಬೇಳೆ, ಮ್ಯಾಕರೋನಿ ಎಲ್ಲ ಸುರಿದ ಕೊಶರಿಯ ಬಟ್ಟಲು. ಕೊಶರಿ ಬಿಸಿಬೇಳೆಬಾತಿನ ದೂರದ ನೆಂಟ ಎಂಬುದು ಅವಳ ಸಿದ್ಧಾಂತ. ನಾನು ಒಪ್ಪಿಲ್ಲ.

ಕಳೆದ ತಿಂಗಳು ಗೀಜಾದಿಂದ ಒಂಟೆ ಮೇಲೆ ಕೂತ ಫೋಟೋ ಬಂತು. ಜೊತೆಗೊಂದು ಸಾಲು: ‘ಮೈಸೂರಿಂದ ಬಂದು ಈ ಒಂಟೆ ಹತ್ತಿದವರಲ್ಲಿ ನಾನೇ ಮೊದಲಿರಬೇಕು.’ ಅಲ್ಲ, ನಿನಗಿಂತ ನೂರು ವರ್ಷ ಮೊದಲೇ ಹತ್ತಿದ್ದಾರೆ ಎಂದು ಉತ್ತರಿಸಿದೆ. ಅದಕ್ಕೆ ಕಾರಣ ಮಂಡಿ ಮೊಹಲ್ಲಾದ ಒಬ್ಬ ಗೆಳೆಯನ ಮನೆಯ ಗೋಡೆ. ಅಲ್ಲಿ ಕಟ್ಟು ಹಾಕಿಸಿದ ಒಂದು ಮಾಸಿದ ಚಿತ್ರವಿದೆ. ಹಿಂದೆ ಸ್ಫಿಂಕ್ಸ್, ಮುಂದೆ ಎರಡು ಒಂಟೆ, ಮೇಲೆ ಖಾಕಿ ಸಮವಸ್ತ್ರದ, ಪೇಟ ಸುತ್ತಿದ ಇಬ್ಬರು ಹುಡುಗರು. ಎಡಗಡೆಯವರು ಗೆಳೆಯನ ಮುತ್ತಾತ. ಕುದುರೆ ಸವಾರರಾಗಿದ್ದರೂ ಒಂಟೆಯ ಜೀನನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಾರೆ. ಬಲಗಡೆಯ ಹುಡುಗ ನಗುತ್ತಿದ್ದಾನೆ. ಅವನು ಯಾರೆಂದು ಆ ಮನೆಯಲ್ಲಿ ಯಾರಿಗೂ ತಿಳಿಯದು. ‘ಮಿಸರ್‌ನಲ್ಲಿ ತೆಗೆಸಿದ್ದು’ ಎಂದಷ್ಟೇ ಹೇಳುತ್ತಾರೆ. ಕನ್ನಡ ಬೈಬಲ್ಲಿನ ಐಗುಪ್ತ, ನಮ್ಮ ಪಠ್ಯಪುಸ್ತಕದ ಈಜಿಪ್ಟ್, ಆ ಮನೆಗೆ ಇಂದಿಗೂ ಮಿಸರ್.

ಮೈಸೂರು ಲ್ಯಾನ್ಸರ್ಸ್ ಎಂದೊಡನೆ ನಮಗೆ ನೆನಪಾಗುವುದು ಹೈಫಾ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರು ಊರಿನೊಳಕ್ಕೆ ನುಗ್ಗಿದಾಗ ಮೈಸೂರಿನವರು ಕಾರ್ಮೆಲ್ ಬೆಟ್ಟದ ಇಳಿಜಾರು ಹತ್ತಿ ತೋಪುಗಳ ಬಾಯಿ ಮುಚ್ಚಿಸಿದ್ದು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ, ಮೈಸೂರು ಲ್ಯಾನ್ಸರ್‌ಗಳದ್ದು. 2018ರಲ್ಲಿ ಆ ವೃತ್ತದ ಹೆಸರಿಗೂ ಹೈಫಾ ಸೇರಿಕೊಂಡಿತು. ಆಗಬೇಕಾದ್ದೇ. ಆದರೆ ಹೈಫಾ ಒಂದು ದಿನದ ಕೆಲಸ. ಈ ಹುಡುಗರು 1914ರ ಅಕ್ಟೋಬರಿನಲ್ಲಿ ಹೊರಟವರು, ಊರಿಗೆ ಮರಳಿದ್ದು 1920ರಲ್ಲಿ. ನಡುವಿನ ಸುಮಾರು ಮೂರು ವರ್ಷವನ್ನು ಸೂಯೆಜ್ ಕಾಲುವೆಯ ಬದಿಯಲ್ಲಿ ಮತ್ತು ಸಿನಾಯ್ ಮರಳಿನಲ್ಲಿ ಕಳೆದರು. ಯಾರೂ ಸ್ಮಾರಕ ಕಟ್ಟದ ಆ ವರ್ಷಗಳೇ ನನ್ನನ್ನು ಹಿಡಿದುಕೊಂಡಿವೆ.

ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟದ್ದೂ ಅದೇ 1914ರಲ್ಲಿ. ದುಡ್ಡಿನ ಹಿಂದೆಯೇ ಕುದುರೆಗಳು ಹಡಗು ಹತ್ತಿದವು. ಸವಾರರಲ್ಲಿ ಅರಸು, ಮರಾಠ, ಮುಸ್ಲಿಂ ಮನೆಗಳ ಹುಡುಗರಿದ್ದರು. ಹಾಗೆಂದರೆ ಲಾಯದಲ್ಲಿ ಕನ್ನಡ, ಮರಾಠಿ, ದಖ್ಖನಿ ಮೂರೂ ಕೇಳುತ್ತಿದ್ದಿರಬೇಕು.

ಅವರ ದಿನಚರಿ ಶುರುವಾಗುತ್ತಿದ್ದುದು ಕುದುರೆಯಿಂದ. ಬೆಳಗಾಗುವ ಮುಂಚೆ ಮೈ ಉಜ್ಜಬೇಕು, ನೀರು ಕುಡಿಸಬೇಕು, ಗೊರಸು ನೋಡಬೇಕು. ಊರಿನಲ್ಲಿ ಹುರುಳಿ ತಿಂದು ಬೆಳೆದ ಪ್ರಾಣಿಗಳ ಮುಂದೆ ಈಗ ಬಾರ್ಲಿ ಮತ್ತು ತಿಬ್ನ್ ಎಂಬ ಕತ್ತರಿಸಿದ ಒಣಹುಲ್ಲು. ನೀರಂತೂ ದೊಡ್ಡ ಚಿಂತೆ. ಸಮುದ್ರದ ಕಾಲುವೆಯ ಪಕ್ಕದಲ್ಲೇ ನೈಲ್ ನೀರು ತರುವ ಸಿಹಿನೀರಿನ ಕಾಲುವೆಯೊಂದಿದೆ. ಕಾವೇರಿಯ ನಾಲೆಗೆ ಧುಮುಕಿ ಬೆಳೆದ ಹುಡುಗರಿಗೆ ಅಲ್ಲಿ ಈಜುವುದು ಅಪಾಯ, ಏಕೆಂದರೆ ಅದರಲ್ಲಿ ಬಿಲ್‌ಹಾರ್ಜಿಯಾ ರೋಗದ ಹುಳುಗಳು. ಬಸವನಹುಳುಗಳ ಮೂಲಕ ಆ ರೋಗ ಹರಡುತ್ತದೆಂದು ರಾಬರ್ಟ್ ಲೀಪರ್ ತೋರಿಸಿಕೊಟ್ಟದ್ದೂ 1915ರಲ್ಲಿ, ಅದೇ ಈಜಿಪ್ಟಿನಲ್ಲಿ.

ಕಾವಲಿನ ಕೆಲಸದಲ್ಲಿ ಪೌರುಷಕ್ಕಿಂತ ಬೇಸರವೇ ಹೆಚ್ಚು. 1915ರ ಫೆಬ್ರವರಿಯಲ್ಲಿ ತುರ್ಕಿ ಸೈನ್ಯ ಕಾಲುವೆ ದಾಟಲು ಯತ್ನಿಸಿ ಸೋತ ಮೇಲೆ ಸಣ್ಣ ಸಣ್ಣ ತಂಡಗಳು ರಾತ್ರಿ ಬಂದು ಸಿಡಿಗುಂಡು ಇಟ್ಟು ಹೋಗತೊಡಗಿದವು. ಅದಕ್ಕೆ ದಂಡೆಯುದ್ದಕ್ಕೂ ಮರಳನ್ನು ಎಳೆದು ಸಮ ಮಾಡುವುದು, ಬೆಳಗ್ಗೆ ಅದರ ಮೇಲೆ ಹೊಸ ಹೆಜ್ಜೆ ಮೂಡಿದೆಯೇ ಎಂದು ನೋಡುವುದು. ದಿನವೂ ಅದೇ. ಆ ವರ್ಷದ ನವೆಂಬರಿನಲ್ಲಿ ಮೈಸೂರಿನ ಸವಾರರು ಅಂಥದೊಂದು ತಂಡವನ್ನು ಮರಳುಗಾಡಿನಲ್ಲಿ ಮೈಲಿಗಟ್ಟಲೆ ಬೆನ್ನಟ್ಟಿ ಹಿಡಿದರು. ಮ್ಯಾಕ್‌ಮನ್ ಮತ್ತು ಫಾಲ್ಸ್ 1928ರಲ್ಲಿ ಹೊರತಂದ ಅಧಿಕೃತ ಇತಿಹಾಸದಲ್ಲಿ ಆ ಒಂದು ಬೆಳಗಿಗೆ ಕೆಲವು ಸಾಲುಗಳುಂಟು. ಮರಳು ನೋಡಿದ ಉಳಿದ ಬೆಳಗುಗಳಿಗೆ ಇಲ್ಲ.

ಹೀಗಿರುವಾಗ ರಜೆ ಸಿಕ್ಕಿದರೆ? ಇಸ್ಮಾಯಿಲಿಯಾದಿಂದ ಕೈರೋಗೆ ರೈಲಿತ್ತು. ಪಿರಮಿಡ್ಡಿನ ಬುಡದಲ್ಲಿ ಒಂಟೆಯವರೂ ಫೋಟೋದವರೂ ಕಾದಿರುತ್ತಿದ್ದರು. ಆಸ್ಟ್ರೇಲಿಯಾದವರು, ನ್ಯೂಜಿಲೆಂಡಿನವರು, ಸ್ಕಾಟ್ಲೆಂಡಿನವರು, ಎಲ್ಲರೂ ಅದೇ ಸ್ಫಿಂಕ್ಸಿನ ಮುಂದೆ ಅದೇ ಭಂಗಿಯಲ್ಲಿ ಕೂತು ಮನೆಗೆ ಚಿತ್ರ ಕಳಿಸಿದವರೇ. ಗೆಳೆಯನ ಗೋಡೆಯ ಚಿತ್ರದಲ್ಲಿ ಹೊಸತೇನಿಲ್ಲ. ನನ್ನ ತಂಗಿಯದರಲ್ಲೂ ಇಲ್ಲ.

ಆದರೂ ಎರಡನ್ನೂ ಒಂದೇ ತಕ್ಕಡಿಯಲ್ಲಿಡಲು ಮನಸ್ಸು ಬಾರದು. ಇವರು ಈಜಿಪ್ಟ್ ತಲುಪಿದ ನವೆಂಬರಿನಲ್ಲೇ ತುರ್ಕಿಯ ಸುಲ್ತಾನರು, ಖಲೀಫರೂ ಆಗಿದ್ದವರು, ಬ್ರಿಟಿಷರ ವಿರುದ್ಧ ಜಿಹಾದ್ ಸಾರಿದರು. ಡಿಸೆಂಬರಿನಲ್ಲಿ ಬ್ರಿಟಿಷರು ಈಜಿಪ್ಟನ್ನು ತಮ್ಮ ಸಂರಕ್ಷಿತ ರಾಜ್ಯವೆಂದು ಘೋಷಿಸಿದರು. ಮಂಡಿ ಮೊಹಲ್ಲಾದ ಹುಡುಗನಿಗೆ ಕೈರೋದ ಅಂಗಡಿ ಬೋರ್ಡುಗಳ ಅಕ್ಷರ ಗುರುತು ಸಿಗುತ್ತಿತ್ತು, ಅಜಾನ್ ತನ್ನೂರಿನದೇ ಆಗಿತ್ತು, ಕಾಲುವೆಯ ಆಚೆಗಿದ್ದದ್ದು ಖಲೀಫರ ಸೈನ್ಯ. ಅವನು ಅಲ್ಲಿ ಅತಿಥಿಯಲ್ಲ, ಪೂರಾ ಯಜಮಾನನೂ ಅಲ್ಲ. 1920ರಲ್ಲಿ ಮರಳಿ ಬಂದಾಗ ದೇಶವಿಡೀ ಖಿಲಾಫತ್ ಚಳವಳಿಯ ಮಾತು. ಮಿಸರ್‌ನಲ್ಲಿ ಏನು ನೋಡಿದಿರಿ ಎಂದು ಕೇಳಿದವರಿಗೆಲ್ಲ ಮುತ್ತಾತ ಒಂಟೆಯ ಕತೆಯನ್ನೇ ಹೇಳುತ್ತಿದ್ದರಂತೆ. ಮನೆಯವರಿಗೆ ಅದು ತಮಾಷೆ. ನನಗೆ ಹಾಗನ್ನಿಸುವುದಿಲ್ಲ, ಹೇಳಬಹುದಾದ ಕತೆ ಅವರಿಗೆ ಅದೊಂದೇ ಉಳಿದಿತ್ತು ಎನ್ನಿಸುತ್ತದೆ.

ಬೆಂಗಳೂರಿನ ಜೆ.ಸಿ. ನಗರದಲ್ಲಿ ಲ್ಯಾನ್ಸರ್ಸ್ ಸ್ಮಾರಕವಿದೆ, ಮಡಿದವರ ಹೆಸರು ಕೆತ್ತಿದ ಕಲ್ಲಿನ ಕಂಬ. ಈಜಿಪ್ಟ್ ಮತ್ತು ಪ್ಯಾಲೆಸ್ಟೈನಿನಲ್ಲಿ ಸತ್ತ ಭಾರತೀಯರಿಗಾಗಿ ಸೂಯೆಜ್ ಕಾಲುವೆಯ ಬಾಯಲ್ಲಿ, ಪೋರ್ಟ್ ತೌಫಿಕ್‌ನಲ್ಲೂ ಒಂದಿತ್ತು, 1926ರಲ್ಲಿ ಕಟ್ಟಿದ್ದು, ಕಲ್ಲಿನ ಹುಲಿಗಳಿದ್ದದ್ದು. ಈಜಿಪ್ಟ್ ಮತ್ತು ಇಸ್ರೇಲ್ ನಡುವಿನ ಯುದ್ಧಗಳಲ್ಲಿ ಅದು ಜಖಂ ಆಗಿ, ಕಡೆಗೆ ಕೆಡವಬೇಕಾಯಿತು. ಅದರಲ್ಲಿದ್ದ ಸುಮಾರು 4,000 ಮಂದಿಯ ನೆನಪಿಗೆ 1980ರಲ್ಲಿ ಕೈರೋದ ಹೆಲಿಯೊಪೊಲಿಸ್ ಯುದ್ಧ ಸ್ಮಶಾನದಲ್ಲಿ ಹೊಸ ಫಲಕಗಳನ್ನು ಇಟ್ಟರು.

ಹೆಲಿಯೊಪೊಲಿಸ್ ತಂಗಿಯ ಆಫೀಸಿಗೆ ಹೋಗುವ ದಾರಿ. ಎರಡು ವರ್ಷದಿಂದ ಕ್ಯಾಬಿನಲ್ಲಿ ಆ ಗೋಡೆ ದಾಟುತ್ತಿದ್ದಾಳೆ, ಒಳಗೆ ಏನಿದೆ ಎಂದು ಗೊತ್ತಿರಲಿಲ್ಲ. ‘ಈ ಶುಕ್ರವಾರ ಹೋಗ್ತೀನಿ, ಯಾವ ಹೆಸರು ಹುಡುಕಲಿ?’ ಎಂದು ಕೇಳಿದಳು. ಗೆಳೆಯನ ಮುತ್ತಾತ ಬದುಕಿ ಬಂದವರು, ಅಲ್ಲಿರುವುದಿಲ್ಲ. ಗೋಡೆಯ ಚಿತ್ರದ ಬಲಗಡೆಯ ಹುಡುಗನ ಮುಖವನ್ನು ಕತ್ತರಿಸಿ ಅವಳಿಗೆ ಕಳಿಸಿ, ಹೆಸರು ಗೊತ್ತಿಲ್ಲ, ಮೈಸೂರು ಎಂದು ಎಲ್ಲಿ ಬರೆದಿದ್ದರೂ ಅಷ್ಟೂ ಹೆಸರನ್ನು ಬರೆದುಕೊಂಡು ಬಾ ಎಂದೆ.